ತಿಕ್ಕಿದರೆ ಬರುವುದೆಲ್ಲ ಕೊಳೆ ಅಲ್ಲ

ಕಾರ್ತಿಕ ಮುಗಿಯುವ ಹೊತ್ತಿಗೆ ದುರ್ಗದ ಮಕ್ಕಳಿಗೆ ಒಂದು ಹೊಸ ಆಟ ಸಿಗುತ್ತದೆ. ಮೊಣಕಾಲ ಕೆಳಗೆ ಉಗುರಿನಿಂದ ಹೆಸರು ಗೀಚಿಕೊಳ್ಳುವುದು. ಚಡ್ಡಿ ಹಾಕಿದ ಹುಡುಗರು ಸಾಲಾಗಿ ಕೂತರೆ ಕಾಲ ಮೇಲೆಲ್ಲ ಬೆಳ್ಳನೆಯ ಅಕ್ಷರ, ಲೆಕ್ಕ, ಒಮ್ಮೊಮ್ಮೆ ಮೇಷ್ಟ್ರ ಮುಖ. ಇದನ್ನು ಕಂಡ ಅಮ್ಮಂದಿರು ಆ ವಾರ ಎರೆಯುವಾಗ ಕಾಲನ್ನು ತಿಕ್ಕಿ ತಿಕ್ಕಿ ಕೆಂಪು ಮಾಡುತ್ತಾರೆ. ಎರಡು ದಿನ ಬಿಟ್ಟು ನೋಡಿ, ಕಾಲು ಇನ್ನೂ ಬೆಳ್ಳಗಿರುತ್ತದೆ. ಆಗ ಮತ್ತೆ ತಿಕ್ಕುತ್ತಾರೆ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ, ಭದ್ರಾ ನಾಲೆ ಹರಿಯುವ ಊರಲ್ಲಿ. ಸುತ್ತ ಗದ್ದೆ, ಅಡಿಕೆ ತೋಟ. ಚಳಿಗಾಲದಲ್ಲಿ ತುಟಿಗೆ ಒಂದಿಷ್ಟು ಬೆಣ್ಣೆ ಸವರಿದರೆ ಮುಗೀತು. ಮದುವೆಯಾಗಿ ಚಿತ್ರದುರ್ಗಕ್ಕೆ ಬಂದೆ. ನಡುವೆ ಇರುವುದು ಸುಮಾರು 60 ಕಿಲೋಮೀಟರ್ ಅಷ್ಟೇ, ಆದರೆ ಮೈಗೆ ವ್ಯತ್ಯಾಸ ಮೊದಲ ಚಳಿಗಾಲದಲ್ಲೇ ಗೊತ್ತಾಯಿತು. ಘಟ್ಟ ದಾಟಿ ಬರುವಷ್ಟರಲ್ಲಿ ಮೋಡದ ನೀರೆಲ್ಲ ಅಲ್ಲೇ ಸುರಿದು ಮುಗಿದಿರುತ್ತದೆ. ಚಳ್ಳಕೆರೆ, ಹಿರಿಯೂರಿನ ಕಡೆಗಂತೂ ರಾಜ್ಯದಲ್ಲೇ ತೀರಾ ಕಡಿಮೆ ಮಳೆ. ಹಿರಿಯೂರಿನ ಹತ್ತಿರದ ಅಣೆಕಟ್ಟು ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಅಂದರೆ ಇಲ್ಲಿನ ಹವೆ ಎಂಥದ್ದು ಅಂತ ನೀವೇ ಊಹಿಸಿ. ಮೇಲಿಂದ ಗಾಳಿ ಬೇರೆ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ.

ಇಂಥ ಊರಲ್ಲಿ ಮೈ ಒಡೆಯದೆ ಇನ್ನೇನಾಗುತ್ತದೆ?

ನಮ್ಮತ್ತೆಯ ಬಚ್ಚಲಲ್ಲಿ ತಿಕ್ಕುವ ಸಾಮಾನಿಗೆ ಬರ ಇಲ್ಲ. ಒಣಗಿದ ಹೀರೆಕಾಯಿ ನಾರು, ಹಿಮ್ಮಡಿಗೊಂದು ಒರಟು ಕಲ್ಲು, ಸಂತೆಯಲ್ಲಿ ತಂದ ನೈಲಾನ್ ಉಜ್ಜುಕ. ನಾನು ಮೈಗೆ ಬರೀ ಕೈಯಲ್ಲಿ ಸೋಪು ಹಚ್ಚಿಕೊಂಡು ಬರುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. "ಅಲ್ಲ ಕಣವ್ವ, ಮೈ ತಿಕ್ಕದಂಗೆ ಅದೇನು ಸ್ನಾನ? ತಿಕ್ಕಿ ನೋಡು, ಎಷ್ಟು ಕೊಳೆ ಬರ್ತೈತೆ" ಅಂದರು. ತಿಕ್ಕಿದರೆ ಬರುತ್ತದೆ ನಿಜ. ಬೂದು ಬಣ್ಣದ ಸಣ್ಣ ಸಣ್ಣ ಎಳೆಗಳು, ಉರುಳಿ ಉರುಳಿ ಉಂಡೆಯಾಗಿ ಬರುತ್ತವೆ. ಮರುದಿನ ತಿಕ್ಕಿದರೂ ಬರುತ್ತವೆ. ಮನೆಯಿಂದ ಹೊರಗೇ ಹೋಗದೆ ಕೂತವರ ಮೈಯಲ್ಲೂ ಬರುತ್ತವೆ. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ. ಇಷ್ಟೊಂದು ಕೊಳೆ ಎಲ್ಲಿಂದ ಬಂತು?

ಅದರಲ್ಲಿ ಬಹುಪಾಲು ನಮ್ಮದೇ ಚರ್ಮ. ಮೈಯ ಹೊರಗಿನ ಪದರ ಅಂದರೆ ಹದಿನೈದು-ಇಪ್ಪತ್ತು ಸಾಲು ಸತ್ತ ಕೋಶಗಳು. ಒಂದರ ಮೇಲೊಂದು ಚಪ್ಪಟೆಯಾಗಿ ಕೂತು, ನಡುವೆ ಕೊಬ್ಬಿನ ಅಂಟು ತುಂಬಿಕೊಂಡು, ಒಳಗಿನ ನೀರು ಹೊರಗೆ ಹೋಗದಂತೆ ತಡೆಯುತ್ತವೆ. ಸತ್ತಿವೆ ಅಂದ ಮಾತ್ರಕ್ಕೆ ಕಸ ಅಲ್ಲ, ಮೈಯ ಕಾವಲು ಇರುವುದೇ ಅವುಗಳಲ್ಲಿ. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರುವುದಕ್ಕೆ ಹರೆಯದಲ್ಲಿ ಸುಮಾರು 28 ದಿನ ಬೇಕು. ವಯಸ್ಸಾದಂತೆ ಇದು ನಿಧಾನವಾಗುತ್ತದೆ. ದಿನವೂ ಲೆಕ್ಕವಿಲ್ಲದಷ್ಟು ಕೋಶಗಳು ನಮ್ಮ ಕಣ್ಣಿಗೂ ಬೀಳದೆ ಉದುರುತ್ತಿರುತ್ತವೆ. ನಾವು ಮುಟ್ಟಬೇಕಾಗಿಯೇ ಇಲ್ಲ.

ಹಾಗಾದರೆ ಚಳಿಗಾಲದಲ್ಲಿ ಯಾಕೆ ಹೊಟ್ಟು ಹೊಟ್ಟಾಗಿ ನಿಲ್ಲುತ್ತದೆ? ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಸಣ್ಣ ಬೆಸುಗೆಗಳಿವೆ. ಅವನ್ನು ಕತ್ತರಿಸಿ ಬಿಡಿಸುವ ಕಿಣ್ವಗಳೂ ಚರ್ಮದಲ್ಲೇ ಇವೆ. ಆ ಕಿಣ್ವ ಕೆಲಸ ಮಾಡಬೇಕಾದರೆ ನೀರಿನ ಪಸೆ ಬೇಕು. ಗಾಳಿ ಒಣಗಿತು, ಪಸೆ ಹೋಯಿತು, ಕಿಣ್ವ ಸುಮ್ಮನಾಯಿತು. ಒಂದೊಂದಾಗಿ ಕಾಣದಂತೆ ಉದುರಬೇಕಾದ ಕೋಶಗಳು ಬಿಡಲಾಗದೆ ಗುಂಪಾಗಿ ಅಂಟಿಕೊಂಡು ಹೊಟ್ಟಿನಂತೆ ಏಳುತ್ತವೆ. ಅಂದರೆ ಕಾಲಿನ ಮೇಲಿನ ಆ ಬಿಳಿ ಬಣ್ಣ ಕೊಳೆ ಜಾಸ್ತಿಯಾಗಿ ಬಂದದ್ದಲ್ಲ, ನೀರು ಸಾಲದೆ ಬಂದದ್ದು. ಬಾಯಾರಿದ ಚರ್ಮವನ್ನು ನಾವು ಕಲ್ಲಲ್ಲಿ ತಿಕ್ಕುತ್ತೇವೆ. ತಿಕ್ಕಿದಾಗ ಕಾವಲಿನ ಪದರ ಇನ್ನಷ್ಟು ತೆಳುವಾಗಿ ಒಳಗಿನ ನೀರು ಇನ್ನೂ ಬೇಗ ಹೋಗುತ್ತದೆ. ಎರಡು ದಿನಕ್ಕೆ ಮತ್ತೆ ಬಿಳಿ. ಅಮ್ಮಂದಿರ ಕೈ ಸೋಲುವುದು ಇಲ್ಲೇ.

ಇನ್ನೊಂದು ಸಂಗತಿ ನನಗೆ ಬಹಳ ದಿನ ಹೊಳೆದಿರಲಿಲ್ಲ. ನಮ್ಮಲ್ಲಿ ಸುಮಾರು ಮನೆಗಳಲ್ಲಿ ಸ್ನಾನಕ್ಕೆ ಬೋರಿನ ನೀರು, ಅದೂ ಗಡಸು ನೀರು. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬೂದು ಗೆರೆ ಅದೇ. ಮೈಗೂ ಅದು ಅಂಟಿಕೊಳ್ಳುತ್ತದೆ. ಆಮೇಲೆ ತಿಕ್ಕಿದಾಗ ಚರ್ಮದ ಜೊತೆ ಉರುಳಿ ಬರುತ್ತದೆ. ಮೈ ಚೊಕ್ಕ ಮಾಡಲು ಹಚ್ಚಿದ ಸೋಪನ್ನೇ ನಾವು ಕೊಳೆ ಅಂತ ತೆಗೆಯುತ್ತಿರುತ್ತೇವೆ! ಸಾಲದ್ದಕ್ಕೆ ಚರ್ಮ ಸ್ವಭಾವತಃ ಸ್ವಲ್ಪ ಹುಳಿ, ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5ರ ಆಸುಪಾಸು (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ). ಸೋಪಿನದು 9ರಿಂದ 10. ಒಂದು ಸಲ ಮೈಯೆಲ್ಲ ಸೋಪು ಹಚ್ಚಿದರೆ ಚರ್ಮ ತನ್ನ ಹದಕ್ಕೆ ಮರಳಲು ಕೆಲವು ಗಂಟೆಗಳೇ ಹಿಡಿಯುತ್ತವೆ.

ಕೋಟೆ ಹತ್ತಿದವರು ಅಲ್ಲಿನ ದುಂಡು ಬಂಡೆಗಳನ್ನು ಗಮನಿಸಿರುತ್ತೀರಿ. ಬಿಸಿಲಿಗೆ ಕಾದು, ರಾತ್ರಿಗೆ ಆರಿ, ಮಳೆಯಲ್ಲಿ ನೆನೆದು, ಮೇಲಿನ ಹೆಕ್ಕಳಿಕೆ ತಾನಾಗಿ ಸಡಿಲವಾಗಿ ಬೀಳುತ್ತದೆ. ಬಿದ್ದ ಜಾಗ ನುಣುಪಾಗಿರುತ್ತದೆ. ಸುತ್ತಿಗೆ ಹಾಕಿ ಎಬ್ಬಿಸಿದ ಕಡೆ ಹಾಗಿರುವುದಿಲ್ಲ, ಚೂಪು ಚೂಪು ಗಾಯ ಉಳಿಯುತ್ತದೆ. ಚರ್ಮವೂ ಹಾಗೇ ಅಂತ ನನಗನಿಸುತ್ತದೆ. ಬಂಡೆಗೆ ಕಾಯುವ ಪುರುಸೊತ್ತಿದೆ, ನಮಗಿಲ್ಲ, ಅಷ್ಟೇ.

ಹಾಗಂತ ಏನೂ ಮಾಡದೆ ಕೂರಬೇಕು ಅಂತಲ್ಲ. ಕಾಲ ಬದಲಾಗುವಾಗ ಚರ್ಮಕ್ಕೆ ಒಂದಿಷ್ಟು ಸಹಾಯ ಬೇಕಾಗುತ್ತದೆ. ಆಯುರ್ವೇದದಲ್ಲಿ ಋತುಸಂಧಿ ಅಂತ ಒಂದು ಲೆಕ್ಕವಿದೆ. ಹೋಗುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ. ಈ ಹದಿನಾಲ್ಕು ದಿನಗಳಲ್ಲಿ ಹಳೆ ರೂಢಿಯನ್ನು ಮೆಲ್ಲಗೆ ಬಿಡುತ್ತಾ ಹೊಸದನ್ನು ಮೆಲ್ಲಗೆ ಹಿಡಿಯಬೇಕು ಅನ್ನುತ್ತಾರೆ. ಹಿರಿಯರಿಗೆ ಎಲ್ಲ ಗೊತ್ತಿತ್ತು ಅನ್ನುವ ಪೈಕಿ ನಾನಲ್ಲ. ಅವರು ಹೇಳಿದ್ದರಲ್ಲಿ ಬಿಡಬೇಕಾದ್ದೂ ಬೇಕಾದಷ್ಟಿದೆ. ಆದರೆ ಈ ಮೆಲ್ಲಗೆ ಅನ್ನುವುದು ಮಾತ್ರ ಚರ್ಮದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಇವತ್ತು ಮಾಡಿದ್ದರ ಫಲ ಕಾಣಲು ಮೂರು-ನಾಲ್ಕು ವಾರ ಬೇಕಲ್ಲ.

ದೀಪಾವಳಿಯ ಎಣ್ಣೆ ನೀರನ್ನೇ ನೋಡಿ. ಇಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದು ಮುಗಿದು ಗಾಳಿ ಒಣಗುವ ಹೊತ್ತಿಗೆ ನೀರು ತುಂಬುವ ಹಬ್ಬ, ಮರುದಿನ ಎಣ್ಣೆ ಹಚ್ಚಿ ಸ್ನಾನ. ಅದರ ಕ್ರಮ ನನಗೆ ಇಷ್ಟ. ಮೊದಲು ಎಣ್ಣೆ, ಆಮೇಲೆ ಹಿಟ್ಟು, ಕೊನೆಗೆ ನೀರು. ಎಣ್ಣೆ ಹೊಟ್ಟನ್ನು ಮೆತ್ತಗೆ ಮಾಡುತ್ತದೆ, ಹಿಟ್ಟು ಹೆಚ್ಚಿದ ಎಣ್ಣೆಯನ್ನು ಎಳೆದುಕೊಂಡು ಸಡಿಲಾದದ್ದನ್ನು ಮಾತ್ರ ಕರೆದೊಯ್ಯುತ್ತದೆ. ಸೋಪು ಬೇಕೇ ಆಗುವುದಿಲ್ಲ. ನಾನು ಇದೇ ಕ್ರಮವನ್ನು ಚಳಿಗಾಲದುದ್ದಕ್ಕೂ ವಾರಕ್ಕೊಮ್ಮೆ ಇಟ್ಟುಕೊಂಡಿದ್ದೇನೆ. ಹಿಟ್ಟು ಅಂದರೆ ಹೆಸರುಕಾಳಿನದು, ಮಸ್ಲಿನ್ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಕಡಲೆಹಿಟ್ಟೂ ಆಗುತ್ತದೆ, ಆದರೆ ಗಿರಣಿಯಲ್ಲಿ ತರಿಯಾಗಿ ಬೀಸಿದ್ದರೆ ಬೇಡ. ಹಾಲಿನ ಕೆನೆ ಅಥವಾ ಮೊಸರಲ್ಲಿ ಕಲಸಿ, ಒದ್ದೆ ಮೈಗೆ ಹಚ್ಚಿ, ಅಂಗೈಯಲ್ಲಿ ಹಗುರಾಗಿ ಸುತ್ತಿಸಬೇಕು. ಬೆರಳ ತುದಿ ಅಲ್ಲ, ಅಂಗೈ. ಬೆರಳಿಗೆ ತಾನಾಗಿಯೇ ಒತ್ತಡ ಬಂದುಬಿಡುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಸಾಕು. ಹಿಟ್ಟು ಮೈಮೇಲೆ ಒಣಗಿ ಬಿಗಿಯಾಗಲು ಬಿಟ್ಟು ಆಮೇಲೆ ಕೆರೆದು ತೆಗೆಯುವವರಿದ್ದಾರೆ. ಅದು ತಿಕ್ಕುವುದಕ್ಕಿಂತ ಕೆಟ್ಟದ್ದು.

ನೀರು ಉಗುರುಬೆಚ್ಚಗಿರಲಿ. ಇದು ಹೇಳುವುದು ಸುಲಭ, ಡಿಸೆಂಬರಿನ ಬೆಳಗಿನಲ್ಲಿ ಮಾಡುವುದು ಕಷ್ಟ, ನನಗೆ ಗೊತ್ತು. ಹಂಡೆಯ ಸುಡುನೀರು ಹೊಯ್ದುಕೊಂಡಾಗ ಸಿಗುವ ಸುಖ ಬೇರೆಯೇ. ಆದರೆ ಕೋಶಗಳ ನಡುವಿನ ಕೊಬ್ಬಿನ ಅಂಟನ್ನು ಅದು ತೊಳೆದುಕೊಂಡು ಹೋಗುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಬಚ್ಚಲಲ್ಲಿ ಕೂರಬೇಡಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಕೈಕಾಲಿಗೆ ದಿನವೂ ಯಾಕೆ ಬೇಕು? ಒರೆಸಿಕೊಳ್ಳುವುದಕ್ಕೆ ತೊಳೆದು ತೊಳೆದು ಮೆತ್ತಗಾದ ಹಳೇ ಹತ್ತಿ ಪಂಚೆ. ಅದನ್ನು ಮೈಗೆ ಒತ್ತಿ ತೆಗೆಯಬೇಕು, ಎಳೆದು ಉಜ್ಜಬಾರದು. ಮೈ ಇನ್ನೂ ಪಸೆಯಾಗಿರುವಾಗಲೇ ಎಣ್ಣೆಯೋ ಕ್ರೀಮೋ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಇರುವುದಿಲ್ಲ.

ಎಣ್ಣೆ ಯಾವುದು ಅಂತ ಕೇಳುತ್ತೀರಿ. ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಕರೆಯುವ ಜಿಲ್ಲೆ ನಮ್ಮದು, ಎಣ್ಣೆಗೇನು ಕೊರತೆ! ಕೊಬ್ಬರಿ ಎಣ್ಣೆ ಒಳ್ಳೆಯದೇ. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಆಸಿಡ್ ಅನ್ನುವ ಕೊಬ್ಬಿನ ಅಂಶ ಜಾಸ್ತಿ, ಚರ್ಮ ತನ್ನ ಹೊರಪದರ ಕಟ್ಟಿಕೊಳ್ಳಲು ಅದನ್ನು ಬಳಸಿಕೊಳ್ಳುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ಇರುವುದೇ ಸಾಕು. ದುಬಾರಿ ಆಲಿವ್ ಎಣ್ಣೆಗೆ ದುಡ್ಡು ಸುರಿಯಬೇಡಿ, ಅದು ಹೊರಪದರವನ್ನು ಸಡಿಲ ಮಾಡುತ್ತದೆ. ಮೈ ತೀರಾ ಒರಟಾದವರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಶೇಕಡ 10ರ ಯೂರಿಯಾ ಕ್ರೀಮ್ ಇದೆ. ನೀರನ್ನೂ ಹಿಡಿಯುತ್ತದೆ, ಹೊಟ್ಟನ್ನೂ ಬಿಡಿಸುತ್ತದೆ. ಹೊಲಕ್ಕೆ ಹಾಕುವ ಯೂರಿಯಾನೇ ಅಂದರೆ ನಮ್ಮ ಮಾವ ನಂಬಲೇ ಇಲ್ಲ. ಅದೇ ಅಣು, ಆದರೆ ಚೀಲದ್ದನ್ನು ಮೈಗೆ ಹಚ್ಚಬೇಡಿ ಮತ್ತೆ.

ಈಗ ನೈಲಾನ್ ಉಜ್ಜುಕದ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಬೆನ್ನಿನ ಮೇಲ್ಭಾಗ, ತೋಳಿನ ಹೊರಮೈ, ಮೊಣಕಾಲ ಕೆಳಗೆ ಅಲೆ ಅಲೆಯಾಗಿ ಕಂದು-ಕಪ್ಪು ಬಣ್ಣ ಬಂದವರನ್ನು ನೀವು ನೋಡಿರುತ್ತೀರಿ. ಬಹಳ ಜನರಿಗೆ ಅದು ವರ್ಷಗಟ್ಟಲೆ ತಿಕ್ಕಿದ್ದರಿಂದ ಬಂದ ಬಣ್ಣ. ಒರಟಾಗಿ ಉಜ್ಜಿದಾಗ ಹೊರಪದರದ ಕೋಶಗಳು ಹಾಳಾಗಿ ಒಂದು ಬಗೆಯ ಪ್ರೋಟೀನು ಚರ್ಮದಲ್ಲಿ ತಂಗುತ್ತದೆ, ಬಣ್ಣವೂ ಕೆಳಗಿಳಿದು ಕೂರುತ್ತದೆ. ಚರ್ಮದ ಡಾಕ್ಟರುಗಳು ಇದನ್ನು ಮ್ಯಾಕ್ಯುಲರ್ ಅಮೈಲಾಯ್ಡೋಸಿಸ್ ಅನ್ನುತ್ತಾರೆ. ಕಪ್ಪಾಯಿತು ಅಂತ ಇನ್ನೂ ಜೋರಾಗಿ ತಿಕ್ಕುತ್ತಾರೆ, ಇನ್ನೂ ಕಪ್ಪಾಗುತ್ತದೆ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಮದುವೆಗೆ ಮೊದಲು ಬೆನ್ನಿನ ಈ ಕಪ್ಪು ಹೋಗಲಿ ಅಂತ ಒಂದು ಪಾರ್ಲರಿಗೆ ಹೋಗಿ ಹರಳು ಹರಳಾದ ಸ್ಕ್ರಬ್ ಹಾಕಿಸಿಕೊಂಡು ಬಂದಳು. ಅರಿಶಿನ ಶಾಸ್ತ್ರದ ದಿನ ಬೆನ್ನಿಗೆ ಅರಿಶಿನ ಮುಟ್ಟಿಸಲು ಆಗಲಿಲ್ಲ, ಅಷ್ಟು ಉರಿ. ನಮ್ಮಂಥ ಕಂದು ಮೈಬಣ್ಣದವರಿಗೆ ಗಾಯ, ಉರಿ, ತಿಕ್ಕು ಏನೇ ಆದರೂ ಅದು ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಳ್ಳಗಾಗಬೇಕು ಅನ್ನುವ ಹಟದಲ್ಲೇ ಕಪ್ಪು ಕಲೆ ಮಾಡಿಕೊಳ್ಳುತ್ತೇವೆ. ಹುಡುಗಿಯ ಬೆನ್ನಿನ ಬಣ್ಣ ಯಾರಿಗೆ ಬೇಕಾಗಿತ್ತು ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಓಡಿಹೋಗುವುದು ಚಳಿ ಮಾತ್ರ, ಒಣ ಹವೆ ಅಲ್ಲೇ ಇರುತ್ತದೆ. ನಾಯಕನಹಟ್ಟಿ ತೇರಿನ ಹೊತ್ತಿಗೆ ಮಧ್ಯಾಹ್ನದ ಗಾಳಿಯಲ್ಲಿ ತೇವ ಅನ್ನುವುದೇ ಇರುವುದಿಲ್ಲ. ಆದರೆ ಈಗ ಬೆವರು ಶುರುವಾಗಿದೆ. ಚಳಿಗಾಲದಂತೆ ದಪ್ಪಗೆ ಎಣ್ಣೆ ಮೆತ್ತಿಕೊಂಡರೆ ಬೆವರಿನ ದಾರಿ ಕಟ್ಟಿ ಬೆವರುಸಾಲೆ ಏಳುತ್ತದೆ. ಹಾಗಾಗಿ ಎಣ್ಣೆಯನ್ನು ಒಂದೊಂದೇ ದಿನ ಕಡಿಮೆ ಮಾಡುತ್ತಾ ತೆಳು ಲೋಷನ್ನಿಗೆ ಬರುವುದು, ಯುಗಾದಿಯ ಎಣ್ಣೆ ಸ್ನಾನಕ್ಕೆ ಒಂದು ಸಲ ಹಿಟ್ಟು ಹಚ್ಚಿ ಹಳೆಯ ಜಿಡ್ಡು ತೆಗೆಯುವುದು. ಅಷ್ಟು ಮಾಡಿದರೆ ಬೇಸಿಗೆಗೆ ಸಾಕು. ಬೆವರುಸಾಲೆ ಎದ್ದ ಮೇಲೆ ತಿಕ್ಕಲೇಬಾರದು, ತಣ್ಣೀರು ಮತ್ತು ಗಾಳಿ ಸಾಕು.

ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಟ್ಯಾನ್ ತೆಗೆಯುವ ಮಾತು. ಬಿಸಿಲಿಗೆ ಬಂದ ಕಪ್ಪನ್ನು ತಿಕ್ಕಿ ತೆಗೆಯಲಾಗುವುದಿಲ್ಲ. ಆ ಬಣ್ಣ ಹುಟ್ಟುವುದು ಸತ್ತ ಪದರದ ಕೆಳಗೆ. ಬಿಸಿಲು ತಪ್ಪಿಸಿದರೆ ಕೋಶಗಳ ಜೊತೆ ತಾನೇ ಮೇಲೆ ಬಂದು ಕೆಲವು ವಾರಗಳಲ್ಲಿ ಉದುರುತ್ತದೆ. ನಿಂಬೆಹಣ್ಣಿಗೆ ಸಕ್ಕರೆ ಅದ್ದಿ ಉಜ್ಜುವ ಉಪಾಯವಂತೂ ಬೇಡವೇ ಬೇಡ. ನಿಂಬೆಯ ಪಿಎಚ್ 2ರ ಹತ್ತಿರ, ಸಕ್ಕರೆ ಹರಳಿಗೆ ಮೂಲೆಗಳಿವೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ನಿಂಬೆ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಬಂದು ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ ಕೂಡ ಬೇಡ.

ನನ್ನ ಮಗಳು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳ ಲೋಕದಲ್ಲಿ ಹಿಟ್ಟು, ನಾರು ಯಾವುದೂ ಇಲ್ಲ, ಎಲ್ಲ ಬಾಟಲಿ. ಗ್ಲೈಕಾಲಿಕ್ ಆಸಿಡ್, ಲ್ಯಾಕ್ಟಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್. ಆಸಿಡ್ ಅಂದಕೂಡಲೇ ಅತ್ತೆ ಗಾಬರಿಯಾದರು. ನಾನು ಆಗಲಿಲ್ಲ. ಇವು ಉಜ್ಜದೆ, ಕೋಶಗಳ ನಡುವಿನ ಹಿಡಿತ ಸಡಿಲಿಸಿ ಕೆಲಸ ಮಾಡುತ್ತವೆ. ಸರಿಯಾಗಿ ಬಳಸಿದರೆ ಕಲ್ಲು, ನೈಲಾನಿಗಿಂತ ಎಷ್ಟೋ ಮೇಲು. ಲ್ಯಾಕ್ಟಿಕ್ ಆಸಿಡ್ ಮೊಸರಿನಲ್ಲೂ ಇದೆ, ಆದರೆ ಶೇಕಡ 1ರ ಸುಮಾರು. ಬಾಟಲಿಯಲ್ಲಿ ಶೇಕಡ 5, 10 ಇರುತ್ತದೆ. ತೊಂದರೆ ಬರುವುದು ಅವಸರಕ್ಕೆ. ಮೂರು ಬಾಟಲಿಯನ್ನೂ ಒಂದೇ ರಾತ್ರಿ ಹಚ್ಚುವ ಹುಡುಗಿಯರಿದ್ದಾರೆ. ಮಗಳಿಗೆ ನಾನು ಹೇಳಿದ್ದು ಇಷ್ಟೇ: ಒಂದೇ ಬಾಟಲಿ, ಕಡಿಮೆ ಪ್ರಮಾಣದ್ದು, ವಾರಕ್ಕೊಂದು ರಾತ್ರಿಯಿಂದ ಶುರು, ಬೆಳಿಗ್ಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಗ್ಲೈಕಾಲಿಕ್, ಲ್ಯಾಕ್ಟಿಕ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಬಿಟ್ಟ ಮೇಲೂ ಒಂದು ವಾರ ಎಚ್ಚರ ಬೇಕು. ಉರಿ ಬಂದರೆ, ಬಿಗಿದರೆ, ಪಾಲಿಶ್ ಹಾಕಿದಂತೆ ಮುಖ ಹೊಳೆಯತೊಡಗಿದರೆ ಎಲ್ಲ ನಿಲ್ಲಿಸಿ ಬರೀ ಮಾಯಿಶ್ಚರೈಸರ್. "ಅಮ್ಮಾ, ಮುಖ ಹೊಳೆದ್ರೆ ಒಳ್ಳೇದಲ್ವಾ?" ಅಂದಳು. ಗ್ಲೋ ಅಂತ ಅವರು ಕರೆಯುವುದರಲ್ಲಿ ಒಂದಿಷ್ಟು ಬರೀ ಸವೆದ ಚರ್ಮ.

ಆಷಾಢದ ಗಾಳಿಗೆ ತುಟಿ ಒಂದೇ ಬಿರಿಯುವುದು. ಸಿಪ್ಪೆ ಎಳೆಯಬೇಡಿ, ರಾತ್ರಿ ತುಪ್ಪವೋ ವ್ಯಾಸಲೀನೋ ಹಚ್ಚಿ ಮಲಗಿ.

ಮಕ್ಕಳ ಕೆನ್ನೆಯ ಮೇಲಿನ ಬಿಳಿ ಮಚ್ಚೆಗೂ ಇದೇ ಮಾತು. ನಮ್ಮಲ್ಲಿ ಹೊಟ್ಟೆಯಲ್ಲಿ ಹುಳ ಆಗಿದೆ ಅನ್ನುತ್ತಾರೆ, ಇಲ್ಲ ಕ್ಯಾಲ್ಸಿಯಂ ಕಡಿಮೆ ಅನ್ನುತ್ತಾರೆ, ಇಲ್ಲ ಸರಿಯಾಗಿ ಮುಖ ತೊಳೆದಿಲ್ಲ ಅಂತ ಬೈದು ಉಜ್ಜುತ್ತಾರೆ. ಹೆಚ್ಚಾಗಿ ಅದು ಒಣ ಚರ್ಮದಿಂದ ಬರುವ ಪಿಟಿರಿಯಾಸಿಸ್ ಆಲ್ಬಾ. ಸುತ್ತಲಿನ ಚರ್ಮ ಬಿಸಿಲಿಗೆ ಕಪ್ಪಾದಾಗ ಎದ್ದು ಕಾಣುತ್ತದೆ. ಕ್ರೀಮ್ ಹಚ್ಚಿ ಕಾಯಬೇಕು. ತಿಂಗಳುಗಳು ಹಿಡಿದರೂ ಹೋಗುತ್ತದೆ. ಹಸುಗೂಸಿನ ಮೈ ರೋಮ ಉದುರಲಿ ಅಂತ ಕಡಲೆಹಿಟ್ಟು ಹಾಕಿ ಉಜ್ಜುವುದನ್ನೂ ಬಿಡಬೇಕು. ಆ ರೋಮ ತಾನಾಗಿ ಉದುರುತ್ತದೆ, ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ಈ ಒಂದು ವಿಷಯಕ್ಕೆ ಎರೆಯುವ ಅಜ್ಜಿಯ ಜೊತೆ ಜಗಳ ಆದರೂ ಪರವಾಗಿಲ್ಲ.

ಹೀರೆಕಾಯಿ ನಾರನ್ನು ಇಷ್ಟಪಡುವವರು ಇಟ್ಟುಕೊಳ್ಳಿ, ಮೊಣಕೈ, ಮೊಣಕಾಲು, ಪಾದಕ್ಕೆ ಮಾತ್ರ. ಬಿಸಿಲಲ್ಲಿ ಒಣಗಿಸಿ, ತಿಂಗಳಿಗೊಂದು ಹೊಸದು. ಒದ್ದೆ ಬಚ್ಚಲಲ್ಲಿ ನೇತಾಡುವ ನಾರಿನಲ್ಲಿ ರೋಗಾಣು ಬೆಳೆಯುತ್ತವೆ. ಮನೆಮಂದಿಗೆಲ್ಲ ಒಂದೇ ಉಜ್ಜುಕ ಇರುವ ಮನೆಯಲ್ಲಿ ಒಬ್ಬರಿಗೆ ಹುಳುಕಡ್ಡಿ ಬಂದರೆ ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲರಿಗೂ ಬಂದಿರುತ್ತದೆ. ಹುಳುಕಡ್ಡಿ, ಇಸುಬು, ಸೋರಿಯಾಸಿಸ್ ಇರುವ ಜಾಗವನ್ನು ಯಾವುದರಿಂದಲೂ ಉಜ್ಜಬಾರದು. ಸೋರಿಯಾಸಿಸ್ ಇರುವವರಿಗೆ ಉಜ್ಜಿದ ಕಡೆಯೇ ಹೊಸ ಪೊರೆ ಏಳಬಹುದು.

ಕೊನೆಗೆ ಹಿಮ್ಮಡಿ. ಅಲ್ಲಿನ ಚರ್ಮ ದಪ್ಪ, ಸ್ವಲ್ಪ ಉಜ್ಜಿದರೆ ತಡೆಯುತ್ತದೆ. ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿ ಇಟ್ಟು, ಮೆತ್ತಗಾದ ಮೇಲೆ ಹಗುರಾಗಿ ಕಲ್ಲಾಡಿಸಿ, ಶೇಕಡ 20-25ರ ಯೂರಿಯಾ ಕ್ರೀಮ್ ಹಚ್ಚಿ ಹತ್ತಿ ಕಾಲುಚೀಲ ಹಾಕಿ ಮಲಗಿದರೆ ಎರಡು ವಾರದಲ್ಲಿ ಗುಣ ಕಾಣುತ್ತದೆ. ಬ್ಲೇಡು ಮುಟ್ಟಿಸಬೇಡಿ. ನಮ್ಮತ್ತೆಗೆ ಸಕ್ಕರೆ ಕಾಯಿಲೆ ಇದೆ, ಪಾದದಲ್ಲಿ ಜೋಮು ಇದೆ, ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಅವರ ಕಾಲಿಗೆ ಕಲ್ಲೂ ಇಲ್ಲ, ಬಿಸಿನೀರಲ್ಲಿ ನೆನೆಸುವುದೂ ಇಲ್ಲ. ರಾತ್ರಿ ಊಟ ಆದ ಮೇಲೆ ನಾನೇ ಹಿಮ್ಮಡಿ ನೋಡಿ ಕ್ರೀಮ್ ಹಚ್ಚುತ್ತೇನೆ. ಬೆರಳ ಸಂದಿಗೆ ಹಚ್ಚುವುದಿಲ್ಲ, ಅಲ್ಲಿ ತೇವ ನಿಂತರೆ ಬೂಸ್ಟು ಹಿಡಿಯುತ್ತದೆ. ಬಿರುಕಿನಲ್ಲಿ ರಕ್ತ ಕಂಡರೆ ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.